ಟಿವಿ ಕೆಳಗಿನ ಪಿಸಿ: ಮೊದಲು ಎಸ್‌ಎಂಪಿಎಸ್, ಆಮೇಲೆ ಕ್ಯಾಬಿನೆಟ್

ಟಿವಿ ಕೆಳಗೆ ಇಡೋಕೆ ಪುಟ್ಟ ಪಿಸಿ ಕಟ್ಟಬೇಕು ಅಂದ ತಕ್ಷಣ ಎಲ್ಲರೂ ಮೊದಲು ಹುಡುಕುವುದು ಚೆಂದದ ಕ್ಯಾಬಿನೆಟ್. ಮನೆಯ ಕರೆಂಟನ್ನು ಪಿಸಿಗೆ ಬೇಕಾದ ವೋಲ್ಟ್‌ಗಳಿಗೆ ಇಳಿಸಿಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದರ ವಿಚಾರ ಕೊನೆಗೆ. ಜೊತೆಗೆ ಬಂದದ್ದೇ ಸಾಕು ಅನ್ನುವವರೇ ಜಾಸ್ತಿ. ಈ ಕೆಲಸ ಮುಗಿದ ಮೇಲೆ ನಾನು ಗಟ್ಟಿಯಾಗಿ ಹೇಳುವುದು ಇದರ ಉಲ್ಟಾ. ಚಿಕ್ಕ ಪಿಸಿಯಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಯಾವ ಸೈಜಿನ ಎಸ್‌ಎಂಪಿಎಸ್ ಅಂತ. ಅದಾದ ಮೇಲೆ ಕ್ಯಾಬಿನೆಟ್ ಆಯ್ಕೆ ತಾನಾಗೇ ನಾಲ್ಕೈದಕ್ಕೆ ಇಳಿಯುತ್ತದೆ. ಜಯನಗರದ ನಮ್ಮ ಮನೆಯಲ್ಲಿ ಕೆಲಸ ನಡೆದ ಕ್ರಮದಲ್ಲೇ ಬರೆದಿದ್ದೇನೆ. ಅಳತೆ, ಖರ್ಚು, ಕೈಕೊಟ್ಟ ಸಾಮಾನು ಎಲ್ಲ ಸೇರಿಸಿ.

ಹಂತ 1: ಗೂಡಿನ ಅಳತೆ

ಟಿವಿ ಯೂನಿಟ್ ಹಳೆಯದು, ಪ್ಲೈವುಡ್‌ನದ್ದು. ಟಿವಿ ಕೆಳಗಿನ ಗೂಡು ಒಳಗಡೆ 520 ಮಿ.ಮೀ. ಅಗಲ, 340 ಮಿ.ಮೀ. ಆಳ, 120 ಮಿ.ಮೀ. ಎತ್ತರ. ಹಿಂದೆ ಪ್ಲೈ ಹೊಡೆದು ಮುಚ್ಚಿದೆ, ಮುಂದೆ ಗಾಜಿನ ಬಾಗಿಲು.

ಇಲ್ಲಿ ಆಳವನ್ನು ಹುಷಾರಾಗಿ ನೋಡಬೇಕು. ಕ್ಯಾಬಿನೆಟ್ ಹಿಂದೆ ಎಚ್‌ಡಿಎಂಐ ಕೇಬಲ್ಲು, ಪವರ್ ಕಾರ್ಡು, ಲ್ಯಾನ್ ವೈರು ಇರುತ್ತವೆ. ಮಾಮೂಲಿ ಪವರ್ ಕಾರ್ಡ್ ಚುಚ್ಚಿ ಬಗ್ಗಿಸೋಕೆ 50 ಮಿ.ಮೀ. ಆದರೂ ಬೇಕು. ಅಂದರೆ 340ರಲ್ಲಿ ನನಗೆ ಉಳಿಯುವುದು 290 ಮಾತ್ರ. ಫ್ರ್ಯಾಕ್ಟಲ್ ನೋಡ್ 202 ನನಗೆ ತುಂಬಾ ಇಷ್ಟವಾದ ಕ್ಯಾಬಿನೆಟ್. 82 ಮಿ.ಮೀ. ಎತ್ತರ, ಮಲಗಿಸಿದರೆ ಡಿವಿಡಿ ಪ್ಲೇಯರ್ ತರಹವೇ ಕಾಣುತ್ತದೆ. ಆದರೆ ಆಳ 330 ಮಿ.ಮೀ., ಜೊತೆಗೆ 3.5 ಇಂಚಿನ ಹಾರ್ಡ್ ಡಿಸ್ಕ್‌ಗೆ ಜಾಗ ಇಲ್ಲ. ಅಲ್ಲಿಗೆ ಅದು ಪಟ್ಟಿಯಿಂದ ಹೊರಗೆ. ಕೂಲರ್ ಮಾಸ್ಟರ್ ಎನ್‌ಆರ್200 ಒಳಗೆ ಎಲ್ಲವೂ ಹಿಡಿಯುತ್ತದೆ, ಆದರೆ ಅದು 18.25 ಲೀಟರ್. ಗೂಡಿನೊಳಗೆ ಹೋಗುವ ಮಾತೇ ಇಲ್ಲ.

ಹಂತ 2: ಎಷ್ಟು ವ್ಯಾಟ್ ಬೇಕು

ಪ್ರೊಸೆಸರ್ ಇಂಟೆಲ್ ಐ3-12100 ಅಂತ ನಿರ್ಧಾರ ಆಗಿತ್ತು. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ವಿಡಿಯೋ ಕುಗ್ಗಿಸಿಡುವ ಎಚ್‌ಇವಿಸಿ, ಎವಿ1 ಅನ್ನುವ ಎರಡೂ ವಿಧಾನಗಳನ್ನು ಒಳಗಿನ ಗ್ರಾಫಿಕ್ಸೇ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. ರೈಜನ್ 5 5600ಜಿ ಕೂಡ ಒಳ್ಳೆಯದೇ, ಆದರೆ ಅದರಲ್ಲಿ ಎವಿ1 ಇಲ್ಲ. ಯೂಟ್ಯೂಬ್‌ನಲ್ಲಿ ಎವಿ1 ವಿಡಿಯೋ ಜಾಸ್ತಿಯಾಗಿರುವಾಗ ಟಿವಿ ಪಿಸಿಗೆ ಅದು ಬೇಕೇ ಬೇಕು.

ಲೆಕ್ಕ ಸುಲಭ. ಐ3-12100 ಟರ್ಬೋದಲ್ಲಿ ಜಾಸ್ತಿ ಅಂದರೆ 89 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಸೇರಿ 25 ಅಂತಿಟ್ಟುಕೊಳ್ಳೋಣ. 3.5 ಇಂಚಿನ ಡಿಸ್ಕ್ ತಿರುಗೋಕೆ ಶುರು ಮಾಡುವ ಕೆಲವು ಸೆಕೆಂಡು 12 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 2 ಆಂಪ್ ಎಳೆಯುತ್ತದೆ, ಅಂದರೆ 24 ವ್ಯಾಟ್. ಯುಎಸ್‌ಬಿಗೆ 10. ಎಲ್ಲ ಒಟ್ಟಿಗೇ ಬಂದರೂ 150 ವ್ಯಾಟ್ ದಾಟುವುದಿಲ್ಲ. ದಿನದ ಬಹುಪಾಲು ಹೊತ್ತು 30ರ ಆಸುಪಾಸು.

ಅಂಗಡಿಯಲ್ಲಿ ಯಾರಾದರೂ "650 ವ್ಯಾಟ್ ತಗೊಳ್ಳಿ ಸಾರ್, ಮುಂದಕ್ಕೆ ಆಗುತ್ತೆ" ಅಂದರೆ ಒಂದು ವಿಷಯ ನೆನಪಿಡಿ. ಎಸ್‌ಎಂಪಿಎಸ್ ಎಷ್ಟು ಕಡಿಮೆ ಕರೆಂಟ್ ಪೋಲು ಮಾಡುತ್ತದೆ ಅಂತ ಹೇಳುವ 80 ಪ್ಲಸ್ ಬ್ರಾಂಜ್, ಗೋಲ್ಡ್ ಸ್ಟಿಕ್ಕರ್‌ಗಳು ಪರೀಕ್ಷೆ ಮಾಡುವುದು 20, 50, 100 ಶೇಕಡ ಲೋಡಿನಲ್ಲಿ. 10 ಶೇಕಡ ಲೋಡಿಗೂ ಷರತ್ತು ಇರುವುದು ಟೈಟಾನಿಯಂ ದರ್ಜೆಗೆ. 650ರಲ್ಲಿ 30 ವ್ಯಾಟ್ ಅಂದರೆ 5 ಶೇಕಡಕ್ಕೂ ಕಡಿಮೆ. ಅಲ್ಲಿ ಎಷ್ಟು ಕರೆಂಟ್ ಸೋರುತ್ತದೆ ಅಂತ ಆ ಸ್ಟಿಕ್ಕರ್ ಹೇಳುವುದಿಲ್ಲ.

ಹಂತ 3: ಸೈಜುಗಳು

ಎಸ್‌ಎಂಪಿಎಸ್ ಸೈಜುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮಾಮೂಲಿ ಎಟಿಎಕ್ಸ್ 150 × 86 × 140 ಮಿ.ಮೀ. ಎಸ್‌ಎಫ್‌ಎಕ್ಸ್ 125 × 63.5 × 100. ಎಸ್‌ಎಫ್‌ಎಕ್ಸ್-ಎಲ್ ಇದಕ್ಕಿಂತ 30 ಮಿ.ಮೀ. ಉದ್ದ, ಅದರಲ್ಲಿ ದೊಡ್ಡ ಫ್ಯಾನ್ ಕೂರುತ್ತದೆ. ಟಿಎಫ್‌ಎಕ್ಸ್ 85 × 65 × 175, ಉದ್ದನೆ ಡಬ್ಬಿ. ಫ್ಲೆಕ್ಸ್ ಎಟಿಎಕ್ಸ್ 81.5 × 40.5 × 150, ಎಲ್ಲಕ್ಕಿಂತ ಸಣ್ಣದು. ಅದರ 40 ಮಿ.ಮೀ. ಫ್ಯಾನ್ ಜೋರಾಗಿ ತಿರುಗಿದರೆ ಹಾಲ್‌ನಲ್ಲಿ ಕೂತವರಿಗೆ ಕೇಳುತ್ತದೆ.

ಇನ್ನೊಂದು ದಾರಿಯೂ ಇದೆ. ಹೊರಗಡೆ ಲ್ಯಾಪ್‌ಟಾಪ್ ತರಹದ 12 ವೋಲ್ಟ್ ಅಡಾಪ್ಟರ್, ಒಳಗಡೆ ಮದರ್‌ಬೋರ್ಡ್‌ನ 24 ಪಿನ್‌ಗೆ ನೇರ ಚುಚ್ಚುವ ಪುಟ್ಟ ಪಿಕೋ ಬೋರ್ಡ್. ಫ್ಯಾನೇ ಇಲ್ಲ, ಸದ್ದಿಲ್ಲ. ಬರೀ ಎಸ್‌ಎಸ್‌ಡಿ ಇರುವ ಪಿಸಿಗೆ ಅದು ಬಹಳ ಚೆನ್ನಾಗಿದೆ. ನನ್ನ ಹತ್ತಿರ ಫೋಟೋ, ಸಿನಿಮಾ ತುಂಬಿದ 4 ಟಿಬಿ ಡಿಸ್ಕ್ ಇದೆ. 150 ವ್ಯಾಟ್ ನಿಜವಾಗಿ ಕೊಡುವ ಅಡಾಪ್ಟರ್ ಇಟ್ಟಿಗೆ ಗಾತ್ರ ಇರುತ್ತದೆ, ಬಿಸಿಯೂ ಆಗುತ್ತದೆ. ಅದನ್ನು ಗಾಳಿಯಾಡದ ಗೂಡಿನ ಮೂಲೆಗೆ ತುರುಕೋಕೆ ಮನಸ್ಸಾಗಲಿಲ್ಲ.

ಹಂತ 4: ಜೊತೆಗೇ ಬಂದ ಎಸ್‌ಎಂಪಿಎಸ್ ಕೈಕೊಟ್ಟದ್ದು

ಜಯನಗರದಿಂದ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್.ಪಿ. ರೋಡಿಗೆ ಹೋಗೋದು ಸಲೀಸು. ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಆಯ್ತು. ಅಲ್ಲಿ ಮೊದಲು ಸಿಕ್ಕಿದ್ದು ಒಂದು ಸ್ಲಿಮ್ ಕ್ಯಾಬಿನೆಟ್, 3,200 ರೂಪಾಯಿ, "450 ವ್ಯಾಟ್" ಟಿಎಫ್‌ಎಕ್ಸ್ ಎಸ್‌ಎಂಪಿಎಸ್ ಸಮೇತ. ಅಳತೆಗೆ ಸರಿ ಕೂತಿತು. ಬೆಲೆಯೂ ಕಡಿಮೆ. ತಂದು ಜೋಡಿಸಿದೆ.

ಪಿಸಿ ಆನ್ ಆಯ್ತು. ಸಿನಿಮಾ ಓಡಿತು. ತೊಂದರೆ ಶುರುವಾದದ್ದು ನಿದ್ದೆಗೆ ಹೋಗಿದ್ದ ಡಿಸ್ಕ್ ಎದ್ದು ತಿರುಗೋಕೆ ಹೊರಟಾಗ. ಟಕ್ ಅಂತ ರೀಸ್ಟಾರ್ಟ್. ಪ್ರತಿ ಸಲ ಅಲ್ಲ, ಪ್ರೊಸೆಸರ್ ಮೇಲೂ ಕೆಲಸ ಬಿದ್ದಿದ್ದಾಗ ಮಾತ್ರ. ಹೊಸ ಎಪಿಸೋಡ್ ಹಾಕುವ ಹೊತ್ತಿಗೆ ಇವೆರಡೂ ಒಟ್ಟಿಗೇ ಬರುತ್ತವೆ, ಅಲ್ವಾ.

ಮಲ್ಟಿಮೀಟರ್ ತೆಗೆದೆ. ಎಸ್‌ಎಂಪಿಎಸ್‌ನಿಂದ ಬರುವ, ಖಾಲಿ ಇದ್ದ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರ್‌ನ ಹಳದಿ ವೈರಿಗೆ ಕೆಂಪು ಪ್ರೋಬ್, ಪಕ್ಕದ ಕಪ್ಪು ವೈರಿಗೆ ಕಪ್ಪು ಪ್ರೋಬ್. ಸುಮ್ನೆ ಇದ್ದಾಗ 11.9 ವೋಲ್ಟ್. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟಾಗ 11.5. ಅದರ ಮೇಲೆ ಡಿಸ್ಕ್ ಎಬ್ಬಿಸಿದೆ. ಅಂಕಿ 11.2ಕ್ಕೆ ಇಳಿದದ್ದು ಕಂಡಿತು, ಮರುಕ್ಷಣ ಸ್ಕ್ರೀನ್ ಕಪ್ಪು. 12 ವೋಲ್ಟ್ ಲೈನಿಗೆ ಎಟಿಎಕ್ಸ್ ಒಪ್ಪುವ ಏರುಪೇರು 5 ಶೇಕಡ. ಅಂದರೆ 11.4ಕ್ಕಿಂತ ಕೆಳಗೆ ಇಳಿಯಲೇಬಾರದು.

ಆಮೇಲೆ ಎಸ್‌ಎಂಪಿಎಸ್ ಬಿಚ್ಚಿ ಪಕ್ಕದ ಲೇಬಲ್ ಓದಿದೆ. ಮೇಲೆ ದಪ್ಪಕ್ಷರದಲ್ಲಿ 450. ಕೆಳಗಿನ ಪುಟ್ಟ ಕೋಷ್ಟಕದಲ್ಲಿ 12 ವೋಲ್ಟ್ ಎದುರು 15 ಆಂಪ್. ಹನ್ನೆರಡು ಗುಣಿಸು ಹದಿನೈದು 180 ವ್ಯಾಟ್, ಅಷ್ಟೇ. ಮಿಕ್ಕ ಅಂಕಿ ಎಲ್ಲ 5 ವೋಲ್ಟ್, 3.3 ವೋಲ್ಟ್ ಲೈನ್‌ಗಳದ್ದು. ಈಗಿನ ಪಿಸಿಯಲ್ಲಿ ಪ್ರೊಸೆಸರ್, ಡಿಸ್ಕ್ ಮೋಟರ್, ಫ್ಯಾನ್ ಎಲ್ಲ ತಿನ್ನುವುದು 12 ವೋಲ್ಟನ್ನೇ. ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದದ್ದು ಆ ಒಂದು ಸಾಲು. ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಎದುರು 37 ಆಂಪ್ ಆಸುಪಾಸು ಇರುತ್ತದೆ. ನನ್ನದು ಬರೆದ 180ನ್ನೂ ಕೊಡುತ್ತಿರಲಿಲ್ಲ.

ತಪ್ಪು ಎಸ್‌ಎಂಪಿಎಸ್‌ದ್ದೇ ಅಂತ ಖಾತ್ರಿ ಮಾಡಿಕೊಳ್ಳೋಕೆ ಹಳೆ ಪಿಸಿಯ ದೊಡ್ಡ ಎಟಿಎಕ್ಸನ್ನು ಹೊರಗೆ ಇಟ್ಟು ಜೋಡಿಸಿ ಅದೇ ಪರೀಕ್ಷೆ ಮಾಡಿದೆ. 12.0ರಿಂದ ಅಲುಗಲಿಲ್ಲ, ರೀಸ್ಟಾರ್ಟೂ ಇಲ್ಲ.

ಸರಿ, ಒಳ್ಳೆ ಟಿಎಫ್‌ಎಕ್ಸ್ ತಂದು ಹಾಕೋಣ ಅಂತ ಮತ್ತೆ ಎಸ್.ಪಿ. ರೋಡ್. ಅಂಗಡಿ ಅಂಗಡಿ ಕೇಳಿದೆ. ಸಿಕ್ಕಿದ್ದು ಆಫೀಸ್ ಪಿಸಿಗಳಿಂದ ಬಿಚ್ಚಿದ ಹಳೆ ಮಾಲು, ಇಲ್ಲವೇ ನನ್ನದರಂಥದೇ ಇನ್ನೊಂದು. ಎಸ್‌ಎಫ್‌ಎಕ್ಸ್ ಮಾತ್ರ ಹೆಸರಾಂತ ಕಂಪನಿಗಳದ್ದು ಡಬ್ಬಿ ಸಮೇತ, ವಾರಂಟಿ ಸಮೇತ ಇತ್ತು. ಒಬ್ಬ ಅಂಗಡಿಯವರು ಬಾಯಿಬಿಟ್ಟೇ ಹೇಳಿದರು, "ಟಿಎಫ್‌ಎಕ್ಸ್ ಯಾರೂ ಕೇಳಲ್ಲ ಸಾರ್, ನಾವೂ ತರಿಸಲ್ಲ." ನನಗೆ ಅಲ್ಲೇ ತೀರ್ಮಾನ ಆಯ್ತು. ಐದು ವರ್ಷ ಬಿಟ್ಟು ಇದು ಸುಟ್ಟುಹೋದರೂ ಪೇಟೆಗೆ ಹೋಗಿ ಅದೇ ಸೈಜಿನ ಇನ್ನೊಂದು ತರುವ ಹಾಗಿರಬೇಕು. ಹಾಗಾಗಿ ಎಸ್‌ಎಫ್‌ಎಕ್ಸ್. ಮೊದಲ ಕ್ಯಾಬಿನೆಟ್ಟನ್ನು 1,500ಕ್ಕೆ ಮಾರಿದೆ.

ಹಂತ 5: ಎಸ್‌ಎಫ್‌ಎಕ್ಸ್ ಮತ್ತು ಅದಕ್ಕೆ ತಕ್ಕ ಕ್ಯಾಬಿನೆಟ್

450 ವ್ಯಾಟ್, ಗೋಲ್ಡ್, ಪೂರ್ತಿ ಮಾಡ್ಯುಲರ್ (ಎಲ್ಲ ಕೇಬಲ್ಲನ್ನೂ ಬೇಕಾದಂತೆ ಚುಚ್ಚಿ ಕೀಳಬಹುದಾದದ್ದು). 8,200 ರೂಪಾಯಿ. ಬೇಕಾದ್ದು 150 ಆದರೂ ನನಗೆ ಅಲ್ಲಿ ಸಿಕ್ಕ ನಂಬಿಕಸ್ತ ಎಸ್‌ಎಫ್‌ಎಕ್ಸ್ ಶುರುವಾದದ್ದೇ ಈ 450ರ ಹತ್ತಿರ. ಕಡಿಮೆ ಲೋಡಿನಲ್ಲಿ ಫ್ಯಾನ್ ನಿಲ್ಲಿಸಿಬಿಡುವ ಮಾದರಿ ಇದು. ನನ್ನ ಪಿಸಿ ಎಳೆಯುವುದು ಅದರ ಹತ್ತರಲ್ಲಿ ಒಂದು ಭಾಗವೂ ಇಲ್ಲ, ಹಾಗಾಗಿ ಫ್ಯಾನ್ ತಿರುಗಿದ್ದನ್ನು ನೋಡಿದ್ದೇ ಅಪರೂಪ. ಪೂರ್ತಿ ಮಾಡ್ಯುಲರ್ ಆಗಿರುವುದರಿಂದ ಬೇಡದ ಗ್ರಾಫಿಕ್ಸ್ ಕೇಬಲ್ ಡಬ್ಬಿಯಲ್ಲೇ ಉಳಿಯಿತು. ಚಿಕ್ಕ ಕ್ಯಾಬಿನೆಟ್‌ನಲ್ಲಿ ಒಂದೊಂದು ಕೇಬಲ್ಲೂ ಗಾಳಿಗೆ ಅಡ್ಡ.

ಇದು ಎಲ್ಲರಿಗೂ: ಮಾಡ್ಯುಲರ್ ಎಸ್‌ಎಂಪಿಎಸ್ ಬದಲಿಸಿದರೆ ಕೇಬಲ್ಲೂ ಬದಲಿಸಿ. ಮದರ್‌ಬೋರ್ಡ್ ಕಡೆಯ ಪಿನ್‌ಗಳು ಎಲ್ಲದರಲ್ಲೂ ಒಂದೇ, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್‌ಗಳಿಗೆ ಯಾವ ನಿಯಮವೂ ಇಲ್ಲ. ಚುಚ್ಚೋಕೆ ಸರಿಯಾಗಿ ಕೂತರೂ 5 ವೋಲ್ಟ್ ಬರಬೇಕಾದ ಕಡೆ 12 ಬಂದು ಡಿಸ್ಕ್ ಸುಟ್ಟುಹೋಗಬಹುದು.

ಈಗ ಕ್ಯಾಬಿನೆಟ್ ಹುಡುಕುವುದು ಸುಲಭವಾಯ್ತು. ಮಿನಿ ಐಟಿಎಕ್ಸ್ ಅನ್ನುವ ಪುಟ್ಟ ಸೈಜಿನ ಮದರ್‌ಬೋರ್ಡ್ 170 × 170 ಮಿ.ಮೀ. ಪಕ್ಕದಲ್ಲಿ ಎಸ್‌ಎಫ್‌ಎಕ್ಸ್‌ಗೆ 125. ಎರಡೂ ಸೇರಿ 295. ಮುಂದುಗಡೆ 3.5 ಇಂಚಿನ ಡಿಸ್ಕ್‌ಗೆ 147 × 102. ಈ ಲೆಕ್ಕಕ್ಕೆ ಕೂತದ್ದು 310 ಅಗಲ, 290 ಆಳ, 97 ಎತ್ತರದ ಅಲ್ಯೂಮಿನಿಯಂ ಮುಖದ ಉಕ್ಕಿನ ಡಬ್ಬಿ. 5,800 ರೂಪಾಯಿ. ಒಳಗೆ 58 ಮಿ.ಮೀ. ತನಕದ ಕೂಲರ್ ಹಿಡಿಯುತ್ತದೆ. ಪ್ರೊಸೆಸರ್ ಜೊತೆ ಬಂದ ಕೂಲರ್ ಅದರೊಳಗೇ ಬಂತು. ಬಾರದಿದ್ದರೆ 37 ಮಿ.ಮೀ.ನ ನಾಕ್ಟುವಾ ಎಲ್9ಐ ಹಾಕುವ ಯೋಚನೆ ಇತ್ತು.

ಮದರ್‌ಬೋರ್ಡ್ ಎಚ್610 ಮಿನಿ ಐಟಿಎಕ್ಸ್. ಇದರಲ್ಲಿ ಒಂದೇ ವಿಷಯ ನೋಡಿ, ಎಚ್‌ಡಿಎಂಐ 2.0 ಅಥವಾ ಅದಕ್ಕಿಂತ ಹೊಸದು ಇರಬೇಕು. 1.4 ಇದ್ದರೆ 4ಕೆ ಟಿವಿಗೆ ಸೆಕೆಂಡಿಗೆ 30 ಫ್ರೇಮ್ ಮಾತ್ರ.

ಹಂತ 6: ಜೋಡಣೆ

ಚಿಕ್ಕ ಡಬ್ಬಿಯಲ್ಲಿ ಕ್ರಮ ತಪ್ಪಿದರೆ ಕೈ ಹೋಗುವುದಿಲ್ಲ. ನಾನು ಮಾಡಿದ್ದು ಹೀಗೆ. ಪ್ರೊಸೆಸರ್, ಕೂಲರ್, ರ‍್ಯಾಮ್, ಎಂ.2 ಎಸ್‌ಎಸ್‌ಡಿ ಎಲ್ಲವನ್ನೂ ಹೊರಗೇ ಬೋರ್ಡ್‌ಗೆ ಕೂರಿಸಿದೆ. ಬೋರ್ಡನ್ನು ಒಳಗೆ ಅರ್ಧ ಇಳಿಸಿದಾಗಲೇ ಮೂಲೆಯ ಪ್ರೊಸೆಸರ್ ಪವರ್ ಕೇಬಲ್ ಚುಚ್ಚಿದೆ, ಯಾಕೆಂದರೆ ಎಸ್‌ಎಂಪಿಎಸ್ ಕೂತ ಮೇಲೆ ಆ ಮೂಲೆಗೆ ಬೆರಳೂ ತಲುಪಲ್ಲ. ಆಮೇಲೆ ಸ್ಕ್ರೂ, ಮುಂದಿನ ಬಟನ್‌ನ ಪುಟ್ಟ ವೈರುಗಳು, ಎಸ್‌ಎಂಪಿಎಸ್, ಕಡೆಗೆ ಡಿಸ್ಕ್.

ಎಸ್‌ಎಂಪಿಎಸ್ ಫ್ಯಾನ್ ಮುಖ ಮೇಲಿನ ಮುಚ್ಚಳದ ತೂತುಗಳ ಕಡೆಗೆ. ಕೆಳಗೆ ಮಾಡಿದರೆ ಡಬ್ಬಿಯ ಕಾಲಿನ ಎತ್ತರ ಬರೀ 6 ಮಿ.ಮೀ., ಗಾಳಿ ಬರೋಕೆ ದಾರಿ ಇರಲ್ಲ. 24 ಪಿನ್‌ನ ದಪ್ಪ ಕೇಬಲ್ ಕೂಲರ್ ಫ್ಯಾನಿಗೆ ತಾಕಿ ಟಿಕ್ ಟಿಕ್ ಅನ್ನುತ್ತಿತ್ತು. ಅದನ್ನು ಎರಡು ಕೇಬಲ್ ಟೈ ಹಾಕಿ ಬೋರ್ಡ್ ಅಂಚಿಗೆ ಬಿಗಿದೆ. ಮಾಮೂಲಿ ಪವರ್ ಕಾರ್ಡ್ ಬದಲು ಎಲ್ ಆಕಾರದ ಕಾರ್ಡ್ ತಂದೆ, 350 ರೂಪಾಯಿ. ಹಿಂದುಗಡೆ ಅರ್ಧಕ್ಕರ್ಧ ಜಾಗ ಉಳಿಯಿತು.

ಹಂತ 7: ಕೈ ಜುಮ್ ಅಂದದ್ದು

ಪಿಸಿ ಗೂಡಿಗೆ ಹೋಯ್ತು, ಟಿವಿಗೆ ಜೋಡಿಸಿದೆ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಡಬ್ಬಿಯ ಸ್ಕ್ರೂ ಮುಟ್ಟಿದೆ. ಬೆರಳ ತುದಿ ಜುಮ್ ಅಂತು. ಹೊಡೆತ ಅಲ್ಲ, ಸಣ್ಣ ನಡುಕ. ಟೆಸ್ಟರ್ ಇಟ್ಟೆ, ಅದರ ಪುಟ್ಟ ಕಿತ್ತಳೆ ದೀಪ ಮಂಕಾಗಿ ಹತ್ತಿಕೊಂಡಿತು.

ಬೆಂಗಳೂರಿನ ಹಳೆ ಮನೆಯಲ್ಲಿ ಇರುವವರು ಇದನ್ನು ದಯವಿಟ್ಟು ಓದಿ. ಎಸ್‌ಎಂಪಿಎಸ್ ಒಳಗೆ, ಕರೆಂಟ್ ಬರುವ ಜಾಗದಲ್ಲೇ, ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಡಬ್ಬಿಯ ಲೋಹಕ್ಕೆ ಜೋಡಿಸಿರುತ್ತಾರೆ. ವಿದ್ಯುತ್ ಗದ್ದಲ ಅರ್ಥ್‌ಗೆ ಹೋಗಲಿ ಅಂತ. ಪ್ಲಗ್ಗಿನ ಮೂರನೇ ಪಿನ್‌ಗೆ ನಿಜವಾದ ಅರ್ಥ್ ಇದ್ದರೆ ಆ ಸಣ್ಣ ಸೋರಿಕೆ ಅಲ್ಲಿಗೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಡಬ್ಬಿಯ ಲೋಹ 230ರ ಅರ್ಧ, ಅಂದರೆ 115 ವೋಲ್ಟ್ ಹತ್ತಿರ ತೇಲುತ್ತಾ ಕೂರುತ್ತದೆ. ಕರೆಂಟ್ ತೀರಾ ಕಡಿಮೆ, ಆದರೆ ಕೈಗೆ ಗೊತ್ತಾಗುತ್ತದೆ. ಎಚ್‌ಡಿಎಂಐ ಚುಚ್ಚುವಾಗ ಅದೇ ಸೋರಿಕೆ ಟಿವಿಯ ಪೋರ್ಟ್ ಮೂಲಕ ಹಾದು ಪೋರ್ಟ್ ಹಾಳಾಗಬಹುದು. ಮುಖ್ಯವಾಗಿ, ಒಳಗೆ ನಿಜವಾಗಿಯೂ ಫೇಸ್ ವೈರ್ ಲೋಹಕ್ಕೆ ತಾಕಿದ ದಿನ ಕಾಪಾಡೋಕೆ ಅರ್ಥ್ ಇರುವುದಿಲ್ಲ. ಮನೆಯಲ್ಲಿ ಅಮ್ಮ ದಿನಾ ಒದ್ದೆ ಬಟ್ಟೆಯಲ್ಲಿ ಟಿವಿ ಯೂನಿಟ್ ಒರೆಸುತ್ತಾರೆ. ನನಗೆ ಆ ರಾತ್ರಿ ಪಿಸಿ ಪ್ಲಗ್ ಕಿತ್ತಿಟ್ಟ ಮೇಲೇ ಸಮಾಧಾನ.

ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಸ್ವಿಚ್‌ಬೋರ್ಡ್ ಬಿಚ್ಚಿದರು. "ನೋಡಿ ಸಾರ್, ಅರ್ಥ್ ವೈರ್ ಹಿಂದೇನೇ ಮಡಚಿಟ್ಟಿದ್ದಾರೆ, ಸಾಕೆಟ್‌ಗೆ ಕೊಟ್ಟೇ ಇಲ್ಲ." ಹಸಿರು ವೈರ್ ಗೋಡೆಯೊಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು. ಜೋಡಿಸಿದ ಮೇಲೆ ಫೇಸ್ ಮತ್ತು ಅರ್ಥ್ ನಡುವೆ 228 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2 ವೋಲ್ಟ್. ಟೆಸ್ಟರ್ ದೀಪ ಹತ್ತಲಿಲ್ಲ. ಕೂಲಿ 400 ರೂಪಾಯಿ. ಇಡೀ ಕೆಲಸದಲ್ಲಿ ಇಷ್ಟು ಬೆಲೆಬಾಳುವ 400 ರೂಪಾಯಿ ಬೇರೆ ಇಲ್ಲ.

ಹಂತ 8: ಇನ್ವರ್ಟರ್

ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ಮೊದಲ ಎಸ್‌ಎಂಪಿಎಸ್ ಪಿಸಿಯನ್ನು ಬೀಳಿಸುತ್ತಿತ್ತು. ಹೊಸದರಲ್ಲಿ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷೆ ಮಾಡಿದೆ. ಟಿವಿ ಆರಿ ಹತ್ತಿತು, ಪಿಸಿ ಮಾತ್ರ ನಿಂತೇ ಇತ್ತು. ಕಾರಣ ಸರಳ. ಒಳಗಿನ ದೊಡ್ಡ ಕೆಪಾಸಿಟರ್ ಪೂರ್ತಿ 450 ವ್ಯಾಟನ್ನು ಕೆಲವು ಮಿಲಿಸೆಕೆಂಡ್ ತಡೆಯುವ ಹಾಗೆ ಮಾಡಿರುತ್ತಾರೆ. ನಾನು ಎಳೆಯುವುದು 30 ವ್ಯಾಟ್ ಆದ್ದರಿಂದ ಅದೇ ದಾಸ್ತಾನು ಎಷ್ಟೋ ಪಟ್ಟು ಹೊತ್ತು ಬರುತ್ತದೆ. ಆದರೂ ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿಟ್ಟೆ, ಬದಲಾವಣೆ ಬೇಗ ಆಗುತ್ತದೆ. ನಮ್ಮದು ಸೈನ್ ವೇವ್ ಇನ್ವರ್ಟರ್. ಹಳೆ ಸ್ಕ್ವೇರ್ ವೇವ್ ಇದ್ದರೆ ಆ್ಯಕ್ಟಿವ್ ಪಿಎಫ್‌ಸಿ (ಮನೆ ಕರೆಂಟನ್ನು ಸಮವಾಗಿ ಎಳೆಯುವ ಒಳಗಿನ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗಳು ಒಗ್ಗುವುದಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಹಂತ 9: ಗೂಡಿಗೆ ಗಾಳಿ

ಗಾಜಿನ ಬಾಗಿಲು ಮುಚ್ಚಿ ಒಂದು ಪೂರ್ತಿ ಸಿನಿಮಾ ಓಡಿಸಿದೆ. ರೂಮಿನಲ್ಲಿ 30 ಡಿಗ್ರಿ, ಪ್ರೊಸೆಸರ್ 74, ಡಿಸ್ಕ್ 52. ಡಿಸ್ಕ್‌ಗೆ ಅದು ಜಾಸ್ತಿ. 64 ಮಿ.ಮೀ. ಹೋಲ್ ಸಾ ಬ್ಲೇಡ್ 260 ರೂಪಾಯಿಗೆ ತಂದು ಹಿಂದಿನ ಪ್ಲೈನಲ್ಲಿ ಕೆಳಗೆ ಎರಡು, ಮೇಲೆ ಎರಡು ತೂತು ಕೊರೆದೆ. ಪ್ಲೈ ಸಿಪ್ಪೆ ಏಳದಿರಲಿ ಅಂತ ಎರಡೂ ಬದಿ ಟೇಪ್ ಅಂಟಿಸಿ, ಅರ್ಧ ಈ ಕಡೆಯಿಂದ ಅರ್ಧ ಆ ಕಡೆಯಿಂದ ಕೊರೆದರೆ ಅಂಚು ನೀಟಾಗಿ ಬರುತ್ತದೆ. ಡಬ್ಬಿಯ ಮೇಲಿನ ತೂತುಗಳಿಗೆ ಸೊಳ್ಳೆ ಜಾಲರಿ ಕತ್ತರಿಸಿ ಅಂಚಿಗೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿದೆ. ನಮ್ಮ ರಸ್ತೆ ವರ್ಷವಿಡೀ ಅಗೆದೇ ಇರುತ್ತದೆ, ಧೂಳು ವಿಪರೀತ. ಈಗ ತೆಗೆದು ಕೊಡವಿ ಮತ್ತೆ ಅಂಟಿಸಿದರೆ ಆಯ್ತು. ಅದೇ ಸಿನಿಮಾ, ಅದೇ ಬಾಗಿಲು ಮುಚ್ಚಿ: ಪ್ರೊಸೆಸರ್ 61, ಡಿಸ್ಕ್ 43.

ಹಂತ 10: ರಿಮೋಟ್, ಕಡೆಯ ಲೆಕ್ಕ

ರಿಮೋಟ್‌ನಿಂದ ಪಿಸಿ ಆನ್ ಆಗಬೇಕು, ಇಲ್ಲದಿದ್ದರೆ ಅಮ್ಮ ಮುಟ್ಟುವುದಿಲ್ಲ. ಯುಎಸ್‌ಬಿ ಐಆರ್ ರಿಸೀವರ್ ಹಾಕಿದೆ. ಪಿಸಿ ಆಫ್ ಇದ್ದಾಗಲೂ ಎಸ್‌ಎಂಪಿಎಸ್ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಿರುತ್ತದೆ, ರಿಸೀವರ್ ಬದುಕುವುದು ಅದರಲ್ಲೇ. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಮೆನು) ಇಆರ್‌ಪಿ ಅನ್ನುವ ಕರೆಂಟ್ ಉಳಿಸುವ ಸೆಟ್ಟಿಂಗ್ ಆನ್ ಇದ್ದರೆ ಬೋರ್ಡ್ ಅದನ್ನು ಕಡಿದುಬಿಡುತ್ತದೆ. ಅದನ್ನು ಆಫ್ ಮಾಡಿದ ಮೇಲೆ ರಿಮೋಟ್ ಕೆಲಸ ಮಾಡಿತು.

ಪ್ಲಗ್ಗಿನ ಹತ್ತಿರ ವ್ಯಾಟ್ ಮೀಟರ್ ಹಾಕಿ ನೋಡಿದ ಅಂಕಿ: ಸುಮ್ನೆ ಇದ್ದಾಗ 21 ವ್ಯಾಟ್, 4ಕೆ ಸಿನಿಮಾ ಓಡುವಾಗ 29, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟಾಗ 104.

ಖರ್ಚು: ಎಸ್‌ಎಂಪಿಎಸ್ 8,200, ಕ್ಯಾಬಿನೆಟ್ 5,800, ಪ್ರೊಸೆಸರ್ 9,800, ಮದರ್‌ಬೋರ್ಡ್ 9,400, 16 ಜಿಬಿ ರ‍್ಯಾಮ್ 3,300, 500 ಜಿಬಿ ಎಸ್‌ಎಸ್‌ಡಿ 3,400, ಐಆರ್ ರಿಸೀವರ್ 1,900, ಪವರ್ ಕಾರ್ಡ್ 350, ಎಲೆಕ್ಟ್ರಿಷಿಯನ್ 400, ಹೋಲ್ ಸಾ 260, ಜಾಲರಿ ಮತ್ತು ಮ್ಯಾಗ್ನೆಟ್ ಪಟ್ಟಿ 180. ಒಟ್ಟು 42,990. ಮೊದಲ ಕ್ಯಾಬಿನೆಟ್‌ನಲ್ಲಿ ಹೋದ 1,700 ಸೇರಿಸಿದರೆ 44,690. ಡಿಸ್ಕ್ ಮನೆಯಲ್ಲೇ ಇತ್ತು.

ಬಾಕಿ ಇರುವುದು ಡಿಸ್ಕ್‌ನ ಗುಂಯ್ ಸದ್ದು. ರಾತ್ರಿ ಟಿವಿ ಸೌಂಡ್ ಕಡಿಮೆ ಮಾಡಿದಾಗ ಪ್ಲೈ ಹಲಗೆಯೂ ಅದರ ಜೊತೆ ಸಣ್ಣಗೆ ದನಿಗೂಡಿಸುತ್ತದೆ. ಡಿಸ್ಕ್ ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿ ನೋಡಬೇಕು. 97 ಮಿ.ಮೀ. ಡಬ್ಬಿಯಲ್ಲಿ ಡಿಸ್ಕ್ ಮೇಲೆ ಉಳಿದಿರುವ ಜಾಗ 4 ಮಿ.ಮೀ., ಹಾಗಾಗಿ 2 ಮಿ.ಮೀ. ದಪ್ಪದ ವಾಷರ್ ತರಬೇಕು. ಆ 4 ಮಿ.ಮೀ.ಗಿಂತ ದಪ್ಪದ್ದು ಹಾಕಿದರೆ ಮುಚ್ಚಳ ಕೂರಲ್ಲ.